ಚಳಿಗಾಲದ ಕೆಮ್ಮಿಗೆ ಮಂಜು ಕಾರಣವೇ? ಗುಂಡ್ಲುಪೇಟೆಯ ಬೆಳಗಿನ ಗಾಳಿಯ ಲೆಕ್ಕ

ಕಾರ್ತಿಕ ಮಾಸ ಕಳೆಯುತ್ತಿದ್ದಂತೆ ಗುಂಡ್ಲುಪೇಟೆ ಸೀಮೆಯಲ್ಲಿ ಕೆಮ್ಮಿನ ಕಾಲ ಶುರುವಾಗುತ್ತದೆ. ಅಜ್ಜಿಗೆ ಕಫ, ಮಗುವಿಗೆ ಉಬ್ಬಸ, ಮನೆಯಾಕೆಗೆ ಬೆಳಗಾಗುತ್ತಲೇ ಕೆಮ್ಮು. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: 'ಮಂಜು ಬೀಳ್ತಾ ಇದೆಯಲ್ಲ, ಅದಕ್ಕೇ.' ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ಗೋಪಾಲಸ್ವಾಮಿ ಬೆಟ್ಟ, ಆಚೆಗೆ ನೀಲಗಿರಿ. ಇಂಥ ಊರಿನ ಗಾಳಿ ಕೆಡಲು ಸಾಧ್ಯವೇ ಇಲ್ಲ, ಹೊಗೆ-ಧೂಳೆಲ್ಲ ಬೆಂಗಳೂರಿನವರ ಪಾಡು ಎಂಬುದು.

ಎರಡೂ ಮಾತುಗಳಲ್ಲಿ ಅರ್ಧ ನಿಜವಿದೆ. ವರ್ಷದ ಬಹುಪಾಲು ದಿನ ಈ ಭಾಗದ ಗಾಳಿ ಚೆನ್ನಾಗಿಯೇ ಇರುತ್ತದೆ. ಚಾಮರಾಜನಗರದ ಹೆಸರು ದೇಶದ ಶುದ್ಧ ಗಾಳಿಯ ನಗರಗಳ ಪಟ್ಟಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆದರೆ ವರ್ಷದಲ್ಲಿ ಕೆಲವು ತಿಂಗಳು, ದಿನದಲ್ಲಿ ಕೆಲವು ಗಂಟೆ, ಇದೇ ಊರಿನ ಗಾಳಿ ನಾವು ಅಂದುಕೊಂಡಷ್ಟು ಒಳ್ಳೆಯದಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವುದು ಮಂಜು, ಎದೆಗೆ ಇಳಿಯುವುದು ಹೊಗೆ. ತಪ್ಪೆಲ್ಲ ಮಂಜಿನ ತಲೆಗೆ ಕಟ್ಟಿದ್ದರಿಂದ ಹೊಗೆಯ ಬಗ್ಗೆ ಯಾರೂ ಏನೂ ಮಾಡದೆ ಉಳಿದಿದ್ದಾರೆ.

ಮಳೆಯ ನೆರಳಿನ ಊರು

ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಪಕ್ಕದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ನೈಋತ್ಯ ಮುಂಗಾರಿನ ಮೋಡಗಳು ಅರಬ್ಬಿ ಸಮುದ್ರದಿಂದ ಬಂದು ಮೊದಲು ವಯನಾಡಿನ ಘಟ್ಟವನ್ನು ಹತ್ತುತ್ತವೆ. ಅಲ್ಲಿನ ಲಕ್ಕಿಡಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿಂದ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಗುಂಡ್ಲುಪೇಟೆಗೆ ಬರುವ ಹೊತ್ತಿಗೆ ಮೋಡದ ಹೊರೆ ಇಳಿದಿರುತ್ತದೆ. ಇಲ್ಲಿ ವರ್ಷವಿಡೀ ಸೇರಿದರೂ 700-800 ಮಿಲಿಮೀಟರ್ ದಾಟುವುದು ಕಷ್ಟ. ಅದರಲ್ಲೂ ದೊಡ್ಡ ಮಳೆಗಳು ಎರಡು ಸಲ: ಏಪ್ರಿಲ್ ಕೊನೆ ಮತ್ತು ಮೇ ತಿಂಗಳ ಗುಡುಗು ಮಳೆ, ಆಮೇಲೆ ಚಿತ್ತೆ-ಸ್ವಾತಿಯ ಹೊತ್ತಿನ ಹಿಂಗಾರು. ಕೇರಳ ಮುಳುಗುತ್ತಿರುವ ಜೂನ್-ಜುಲೈನಲ್ಲಿ ಇಲ್ಲಿ ಸಿಗುವುದು ಜಿಟಿಜಿಟಿ ಹನಿ ಮತ್ತು ಬಿಡದ ಗಾಳಿ.

ಆ ಬಿಡದ ಗಾಳಿಯೇ ಊರಿನ ದೊಡ್ಡ ಪೊರಕೆ. ಹೆದ್ದಾರಿಯ ಎರಡೂ ಬದಿ ಸೂರ್ಯಕಾಂತಿ, ಚೆಂಡು ಹೂವು ಅರಳಿ ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವ ಆ ತಿಂಗಳುಗಳಲ್ಲಿ ಹೊಗೆ ಒಂದು ಕಡೆ ನಿಲ್ಲುವುದೇ ಇಲ್ಲ. ಸಮುದ್ರದ ಮೇಲಿಂದ ಬರುವ ಗಾಳಿ ಸ್ವಚ್ಛ, ವೇಗವೂ ಹೆಚ್ಚು. 'ಇಲ್ಲಿನ ಗಾಳಿಯೇ ಔಷಧಿ' ಎಂದು ಹೊಗಳಿ ಹೋಗುವ ಪ್ರವಾಸಿಗರು ನೋಡಿರುವುದು ಈ ಕಾಲದ ಗುಂಡ್ಲುಪೇಟೆಯನ್ನು. ಜನವರಿಯ ಬೆಳಗಿನ ಆರು ಗಂಟೆಯ ಊರು ಅವರಿಗೆ ಗೊತ್ತಿಲ್ಲ.

ಬೆಟ್ಟದ ಮಂಜು ಬೇರೆ, ಊರಿನ ಮಂಜು ಬೇರೆ

ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲೇ ಹಿಮ ಇದ್ದರೂ ಅಲ್ಲಿ ಹಿಮ ಬೀಳುವುದಿಲ್ಲ. ಬೆಟ್ಟದ ತಲೆಯನ್ನು ಮುಚ್ಚುವುದು ಮೋಡ. ತೇವದ ಗಾಳಿ ಇಳಿಜಾರನ್ನು ಹತ್ತುವಾಗ ತಣ್ಣಗಾಗಿ, ಆವಿ ಹನಿಯಾಗಿ, ದೇವಸ್ಥಾನದ ಗೋಪುರವನ್ನೇ ಕಾಣದಂತೆ ಮಾಡುತ್ತದೆ. ಆ ಗಾಳಿ ಚಲಿಸುತ್ತಿರುತ್ತದೆ. ಅದರಲ್ಲಿ ಹೊಗೆ ಕಡಿಮೆ.

ಊರಿನ ಮಂಜು ಹುಟ್ಟುವ ಬಗೆಯೇ ಬೇರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹೊದಿಕೆಯಂತೆ ತಡೆಯಲು ಮೋಡವಿಲ್ಲ. ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ಹಳ್ಳ-ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ರೈತರಿಗೆ ಇದು ಪುಸ್ತಕವಿಲ್ಲದೆ ಗೊತ್ತು: ತಗ್ಗಿನ ಹೊಲದಲ್ಲಿ ಇಬ್ಬನಿ ಹೆಚ್ಚು, ದಿಬ್ಬದ ಹೊಲದಲ್ಲಿ ಕಡಿಮೆ. ಗುಂಡ್ಲು ಹೊಳೆಯ ಬದಿಯ ತಗ್ಗಿನಲ್ಲಿ ಬೆಳಗ್ಗೆ ಬೈಕಿನಲ್ಲಿ ಇಳಿದವರಿಗೆ ಥಟ್ಟನೆ ಮೊಣಕಾಲಿಗೆ ಚಳಿ ಹೊಡೆಯುವುದೂ ಇದರಿಂದಲೇ.

ಮಾಮೂಲಿಯಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ. ಚಳಿಗಾಲದ ಬೆಳಗಿನ ಜಾವ ಈ ಲೆಕ್ಕ ತಲೆಕೆಳಗಾಗುತ್ತದೆ. ಕೆಳಗೆ ತಣ್ಣನೆ ಪದರ, ಅದರ ಮೇಲೆ ಬೆಚ್ಚನೆಯ ಪದರ. ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಹೀಗಾದಾಗ ಬೆಟ್ಟದ ನೆತ್ತಿ ಬುಡದ ಹಂಗಳಕ್ಕಿಂತ ಬೆಚ್ಚಗಿರುವುದೂ ಉಂಟು.

ಈ ಬೆಚ್ಚನೆ ಪದರ ಪಾತ್ರೆಯ ಮುಚ್ಚಳದಂತೆ ಕೆಲಸ ಮಾಡುತ್ತದೆ. ಹೊಗೆ ಮೇಲೇರಬೇಕಾದರೆ ತನ್ನ ಸುತ್ತಲ ಗಾಳಿಗಿಂತ ಬಿಸಿಯಾಗಿರಬೇಕು. ಮುಚ್ಚಳದ ಹತ್ತಿರ ಬಂದಾಗ ಸುತ್ತಲ ಗಾಳಿಯೇ ಬೆಚ್ಚಗಿರುವುದರಿಂದ ಹೊಗೆಗೆ ಮೇಲೆ ಹೋಗಲು ಬಲವಿಲ್ಲ, ಅಡ್ಡಡ್ಡ ಹರಡಿಕೊಳ್ಳುತ್ತದೆ. ಬೆಳಗ್ಗೆ ಹೊಲದ ಆಚೆ ಯಾರೋ ಹಚ್ಚಿದ ಬೆಂಕಿಯ ಹೊಗೆ ಒಂದು ತೆಂಗಿನ ಮರದಷ್ಟು ಎತ್ತರ ಏರಿ, ಆಮೇಲೆ ಚಾಪೆ ಹಾಸಿದಂತೆ ಚಪ್ಪಟೆಯಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಮುಚ್ಚಳ ಎಲ್ಲಿದೆ ಎಂಬುದನ್ನು ಆ ಚಾಪೆಯೇ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಗಾಳಿ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಕಲೆಸಿಕೊಳ್ಳುತ್ತದೆ. ಬೆಳಗಿನ ಜಾವ ಕಲೆಯುವ ಎತ್ತರ ನೂರಿನ್ನೂರು ಮೀಟರ್ ಮಾತ್ರ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟೇ ಸೌದೆ ಉರಿಸಿದರೂ ಬೆಳಗ್ಗೆ ಮೂಗಿಗೆ ಸಿಗುವ ಹೊಗೆ ಮಧ್ಯಾಹ್ನದ ಹತ್ತು ಪಟ್ಟು ಆಗಬಹುದು ಎಂಬುದಕ್ಕೆ ಈ ಲೆಕ್ಕ ಸಾಕು.

ಇನ್ನು ಆ ಹೊತ್ತಿನಲ್ಲಿ ಊರಿನಲ್ಲಿ ಏನೇನು ಉರಿಯುತ್ತಿರುತ್ತದೆ ನೋಡಿ. ಬಚ್ಚಲ ಒಲೆಯಲ್ಲಿ ಹಂಡೆ ಕಾಯುತ್ತಿರುತ್ತದೆ. ಬೀದಿ ಬದಿಯಲ್ಲಿ ಚಳಿ ಕಾಯಿಸಲು ಹಚ್ಚಿದ ಬೆಂಕಿಗೆ ರಟ್ಟು, ಪ್ಲಾಸ್ಟಿಕ್ಕು, ಹಳೆ ಟಯರಿನ ಚೂರು ಬಿದ್ದಿರುತ್ತದೆ. ಗುಡಿಸಿದ ಕಸಕ್ಕೆ ಕಡ್ಡಿ ಗೀರುವ ಹೊತ್ತೂ ಅದೇ. ಜನವರಿಯ ನಂತರ ಅರಿಶಿನ ಕಿತ್ತವರು ಕೊಪ್ಪರಿಗೆ ಇಟ್ಟು ಬೇಯಿಸಲು ಶುರು ಮಾಡುತ್ತಾರೆ. ಇದರ ಮೇಲೆ ಲಾರಿಗಳು. ಬಂಡೀಪುರದ ಮೂಲಕ ಹೋಗುವ ಕೇರಳದ ರಸ್ತೆ, ಊಟಿ ರಸ್ತೆ ಎರಡರಲ್ಲೂ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕಾಡುಪ್ರಾಣಿಗಳ ಜೀವ ಉಳಿಸಿದ ಕ್ರಮ ಅದು, ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಗೇಟು ತೆರೆಯುವ ಹೊತ್ತಿಗೆ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ಗಳ ಮುಂದೆ ಸಾಲುಗಟ್ಟಿದ ವಾಹನಗಳು ಇಂಜಿನ್ ಚಾಲೂ ಇಟ್ಟುಕೊಂಡು ಕಾದರೆ, ಆ ಡೀಸೆಲ್ ಹೊಗೆ ಸೇರುವುದು ಮುಚ್ಚಳ ಬಿಗಿಯಾಗಿರುವ ಹೊತ್ತಿನಲ್ಲೇ.

ಮಂಜಿಗೂ ಹೊಗೆಗೂ ನಂಟಿದೆ. ಆವಿ ಹನಿಯಾಗಲು ಒಂದು ಕಣದ ಆಸರೆ ಬೇಕು, ಹೊಗೆಯ ಕಣಗಳು ಆ ಆಸರೆ ಕೊಡುತ್ತವೆ. ಕಣ ಹೆಚ್ಚಾದಷ್ಟೂ ಹನಿಗಳು ಸಣ್ಣವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ, ಮಂಜು ದಟ್ಟವಾಗಿ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಮೂಗು ಸಾಕು. ಶುದ್ಧ ಮಂಜಿಗೆ ಹೊಗೆಯ ವಾಸನೆ ಇರುವುದಿಲ್ಲ. ಮಂಜಿನಲ್ಲಿ ನಡೆಯುವಾಗ ಸೌದೆಯ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ನೀವು ಉಸಿರಾಡುತ್ತಿರುವುದು ಬರೀ ಮಂಜನ್ನಲ್ಲ.

ಹಾಗಾದರೆ ಚಳಿಗೂ ಕೆಮ್ಮಿಗೂ ಸಂಬಂಧವೇ ಇಲ್ಲವೇ? ಇದೆ. ತಣ್ಣನೆಯ ಒಣ ಗಾಳಿ ಆಸ್ತಮಾ ಇರುವವರ ಶ್ವಾಸನಾಳವನ್ನು ಬಿಗಿಯಾಗಿಸುತ್ತದೆ. ನೆಗಡಿ, ಫ್ಲೂ ವೈರಸ್‌ಗಳು ಹರಡಲು ಮುಚ್ಚಿದ ಕೋಣೆ, ಒತ್ತೊತ್ತಾಗಿ ಕೂರುವುದು ಅನುಕೂಲ. ಆದರೆ ನೀರಿನ ಹನಿ ತಲೆಯ ಮೇಲೆ ಬಿದ್ದು ಎದೆಗೆ ಇಳಿಯುವುದಿಲ್ಲ. ತಲೆಗೆ ಕಟ್ಟಿದ ಮಫ್ಲರ್ ಕಿವಿಯನ್ನು ಬೆಚ್ಚಗಿಡುತ್ತದೆ, ಹೊಗೆಯನ್ನು ತಡೆಯುವುದಿಲ್ಲ.

ಮೊಬೈಲಿನಲ್ಲಿ 'ಉತ್ತಮ' ಎಂದು ತೋರಿಸುತ್ತದಲ್ಲ?

ಈಗ ಗಾಳಿಯ ಗುಣಮಟ್ಟದ ಸೂಚ್ಯಂಕ ಎಲ್ಲರ ಮೊಬೈಲಿನಲ್ಲೂ ಇದೆ. ಗುಂಡ್ಲುಪೇಟೆ ಎಂದು ಹುಡುಕಿದರೆ ಹಸಿರು ಬಣ್ಣದಲ್ಲಿ ಒಂದು ಸಂಖ್ಯೆ ಬರುತ್ತದೆ. ಅದು ಎಲ್ಲಿ ಅಳೆದದ್ದು ಎಂದು ಮೊದಲು ನೋಡಬೇಕು. ಚಾಮರಾಜನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ, ಅದು ಇಲ್ಲಿಂದ ಸುಮಾರು ಮೂವತ್ತೈದು ಕಿಲೋಮೀಟರ್ ದೂರ. ಹಲವು ಆ್ಯಪ್‌ಗಳು ಉಪಗ್ರಹದ ಚಿತ್ರ ಮತ್ತು ಕಂಪ್ಯೂಟರ್ ಲೆಕ್ಕಾಚಾರದಿಂದ ಅಂದಾಜು ಮಾಡಿ ಊರಿನ ಹೆಸರಿಗೆ ಅಂಟಿಸುತ್ತವೆ. ನಿಮ್ಮ ಬೀದಿಯ ಬಚ್ಚಲ ಒಲೆ ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ತೊಡಕು ಸೂಚ್ಯಂಕದ ಒಳಗೇ ಇದೆ. ನಮ್ಮ ದೇಶದ ಸೂಚ್ಯಂಕದಲ್ಲಿ ಸೂಕ್ಷ್ಮ ಕಣಗಳ, ಅಂದರೆ ಪಿ.ಎಂ. 2.5ರ ಲೆಕ್ಕ 24 ಗಂಟೆಯ ಸರಾಸರಿ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಈ ಕಣಗಳೇ ಶ್ವಾಸಕೋಶದ ತುದಿಯವರೆಗೆ ಹೋಗುವಂಥವು. ಒಂದು ಉದಾಹರಣೆಗೆ, ಬೆಳಗ್ಗೆ ನಾಲ್ಕು ಗಂಟೆಗಳ ಕಾಲ ಘನಮೀಟರ್ ಗಾಳಿಯಲ್ಲಿ 90 ಮೈಕ್ರೋಗ್ರಾಂ ಕಣಗಳು, ಉಳಿದ ಇಪ್ಪತ್ತು ಗಂಟೆ 18 ಮೈಕ್ರೋಗ್ರಾಂ ಇದ್ದವು ಅಂದುಕೊಳ್ಳಿ. ಇಡೀ ದಿನದ ಸರಾಸರಿ ಸರಿಯಾಗಿ 30. ಸೂಚ್ಯಂಕದಲ್ಲಿ ಅದು 50, ಅಂದರೆ 'ಉತ್ತಮ' ದರ್ಜೆ. ಬೆಳಗ್ಗೆ ವಾಕಿಂಗ್ ಹೋದವರು ಉಸಿರಾಡಿದ್ದು ಮಾತ್ರ ಅದರ ಮೂರು ಪಟ್ಟು. ಅಲ್ಲದೆ ಆ 30 ಎಂಬ ಗಡಿಯೇ ಸಡಿಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ದಿನದ ಮಿತಿ 15, ವರ್ಷದ ಮಿತಿ 5. ನಮ್ಮ ರಾಷ್ಟ್ರೀಯ ಮಾನದಂಡ ದಿನಕ್ಕೆ 60, ವರ್ಷಕ್ಕೆ 40. ದೇಶದ ಶುದ್ಧ ನಗರಗಳ ಪಟ್ಟಿಯಲ್ಲಿ ಮೇಲಿರುವುದು ಸಂತೋಷವೇ. ಆದರೆ ಆ ಪಟ್ಟಿ ದೆಹಲಿಯ ಜೊತೆಗಿನ ಹೋಲಿಕೆ, ಎದೆಗೂಡಿನ ಜೊತೆಗಿನ ಹೋಲಿಕೆಯಲ್ಲ.

ಒಲೆಯ ಮುಂದಿನ ಇಪ್ಪತ್ತು ವರ್ಷ

ಬೀದಿಯ ಗಾಳಿಯ ಮಾತು ಇಷ್ಟಾದರೆ, ಮನೆಯೊಳಗಿನ ಗಾಳಿಯದು ಇನ್ನೂ ದೊಡ್ಡ ಕತೆ. 2016ರ ಉಜ್ವಲ ಯೋಜನೆಯ ನಂತರ ಅಡುಗೆಮನೆಗೆ ಗ್ಯಾಸ್ ಬಂದ ಮನೆಗಳು ಹೆಚ್ಚಾಗಿವೆ. ಆದರೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಒಲೆ ಆರಿಲ್ಲ. ಐದಾರು ಜನರ ಸ್ನಾನಕ್ಕೆ ಸಿಲಿಂಡರ್ ಉರಿಸಿದರೆ ತಿಂಗಳು ಬರುವುದಿಲ್ಲ. ತೆಂಗಿನ ಮಟ್ಟೆ, ಗರಿ, ಕರಟ, ಪುಳ್ಳೆ ಪುಕ್ಕಟೆ ಸಿಗುತ್ತವೆ. ಮುದ್ದೆಗೆ, ಹುರುಳಿ ಬೇಯಿಸಲು ಒಲೆಯೇ ಚೆಂದ ಎನ್ನುವವರೂ ಇದ್ದಾರೆ. ರುಚಿಯ ಬಗ್ಗೆ ನಾವು ವಾದ ಮಾಡುವುದಿಲ್ಲ.

ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಪಕ್ಕದ ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ, ಇವೆರಡನ್ನೂ ಗುಣಿಸಿ ಬಂದದ್ದನ್ನು ಹೊಗೆಗೆ ಒಡ್ಡಿಕೊಂಡ ಸೂಚ್ಯಂಕ ಎಂದು ಹಿಡಿದರು. ಆ ಸಂಖ್ಯೆ ಕನಿಷ್ಠ 60 ಮುಟ್ಟಿದಾಗ ದೀರ್ಘಕಾಲದ ಬ್ರಾಂಕೈಟಿಸ್ ಜೊತೆ ಸ್ಪಷ್ಟ ಸಂಬಂಧ ಕಂಡಿತು. ಅರವತ್ತು ದೊಡ್ಡ ಸಂಖ್ಯೆಯೇನಲ್ಲ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದು ಒಲೆ ಹಿಡಿದ ಹೆಣ್ಣುಮಗಳು ನಲವತ್ತು ತುಂಬುವ ಮೊದಲೇ ಅಲ್ಲಿ ನಿಂತಿರುತ್ತಾಳೆ, ಬೀಡಿ-ಸಿಗರೇಟು ಮುಟ್ಟದೆಯೇ.

ದೀರ್ಘಕಾಲದ ಬ್ರಾಂಕೈಟಿಸ್ ಎಂದರೆ ವರ್ಷಕ್ಕೆ ಮೂರು ತಿಂಗಳು ಕಫದ ಕೆಮ್ಮು, ಹಾಗೆ ಸತತ ಎರಡು ವರ್ಷ. ಈ ವಿವರಣೆಯನ್ನು ಇನ್ನೊಮ್ಮೆ ಓದಿ. ಡಿಸೆಂಬರಿಗೆ ಶುರುವಾಗಿ ಶಿವರಾತ್ರಿಗೆ ಚಳಿಯ ಜೊತೆ ಹೋಗುವ, 'ಅತ್ತೆಗೆ ಪ್ರತಿ ವರ್ಷ ಇದ್ದದ್ದೇ' ಎಂದು ಮನೆಯವರು ಸುಮ್ಮನಾಗುವ ಕೆಮ್ಮು ಇದೇ ಆಗಿರಬಹುದು. ಮಂಜಿನ ಕೆಮ್ಮು ಎಂದು ಹೆಸರಿಟ್ಟ ಕ್ಷಣವೇ ಅದು ಕಾಯಿಲೆಯ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಕಷಾಯ ಕುಡಿಸುತ್ತಾರೆ, ಬೆಚ್ಚಗಿರಲಿ ಎಂದು ಒಲೆಯ ಹತ್ತಿರವೇ ಕೂರಿಸುತ್ತಾರೆ! ಉಸಿರಾಟದ ಸಾಮರ್ಥ್ಯ ಅಳೆಯುವ ಸರಳ ಊದುವ ಪರೀಕ್ಷೆ ಇದೆ, ಇನ್‌ಹೇಲರ್‌ಗಳಿವೆ. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ಕಡಿಮೆ ಪ್ರಮಾಣ ಸಾಕಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಫದ ಪರೀಕ್ಷೆಯೂ ಬೇಕು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಒಲೆಯ ಹೊಗೆಯಿಂದ ಹೆಂಚಿನ ಮನೆಯ ತೊಲೆಗೆ ಗೆದ್ದಲು, ಹುಳ ಹಿಡಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ಹುರುಳಿದೆ. ಹುಳವನ್ನು ದೂರವಿಡುವಷ್ಟು ಖಾರದ ಹೊಗೆ ಮಗುವಿನ ಶ್ವಾಸಕೋಶಕ್ಕೆ ಏನು ಮಾಡೀತು ಎಂಬ ಪ್ರಶ್ನೆ ಮಾತ್ರ ಆಮೇಲೆ ಬರುತ್ತದೆ. ಮಗುವಿನ ಸ್ನಾನದ ನಂತರ ಹಿಡಿಯುವ ಸಾಂಬ್ರಾಣಿ ಹೊಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪರಿಮಳ ಇದ್ದ ಮಾತ್ರಕ್ಕೆ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ.

ಕಾಡು ಹೊಗೆಯನ್ನು ಹೀರಿಕೊಳ್ಳುವುದಿಲ್ಲವೇ?

ಎಲೆಗಳು ಸ್ವಲ್ಪ ಕಣಗಳನ್ನು ಹಿಡಿದಿಟ್ಟುಕೊಳ್ಳುವುದು ನಿಜ. ಅಮೆರಿಕದ ನಗರಗಳ ಮರಗಳ ಬಗ್ಗೆ ಮಾಡಿದ ಅಂದಾಜುಗಳಲ್ಲಿ ಇದರಿಂದ ಗಾಳಿಯಲ್ಲಿ ಆಗುವ ಸುಧಾರಣೆ ಹೆಚ್ಚೆಂದರೆ ಶೇಕಡಾ ಒಂದರ ಆಸುಪಾಸು. ಬಂಡೀಪುರದ ಮಟ್ಟಿಗೆ ಇನ್ನೊಂದು ಮಾತಿದೆ. ಇದರ ಬಹುಭಾಗ ಎಲೆ ಉದುರಿಸುವ ಕಾಡು. ಗಾಳಿಯಲ್ಲಿ ಹೊಗೆ ಹೆಚ್ಚಿರುವ ಫೆಬ್ರವರಿ-ಮಾರ್ಚ್‌ನಲ್ಲೇ ಮರಗಳು ಬರಿದಾಗಿರುತ್ತವೆ, ಎಲೆಯೆಲ್ಲ ನೆಲದ ಮೇಲೆ ಉರುವಲಾಗಿ ಬಿದ್ದಿರುತ್ತದೆ. ಅದರ ನಡುವೆ ಒಣಗಿದ ಲಂಟಾನ ಪೊದೆ.

2019ರ ಫೆಬ್ರವರಿ 21ರಿಂದ ಐದು ದಿನ ಏನಾಯಿತು ಎಂಬುದು ಈ ಭಾಗದವರಿಗೆ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ತೊಟ್ಟಿಯಲ್ಲಿ ನೀರು ತಂದು ಸುರಿಯಬೇಕಾಯಿತು. ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಎಂಬ ಪಾಠ ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಕೇಳಿದ್ದೇವೆ. ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಆಗುವಂಥವು: ಎಸೆದ ಬೀಡಿ, ಹೊಸ ಹುಲ್ಲು ಬರಲಿ ಎಂದು ಹಚ್ಚಿದ ಬೆಂಕಿ, ಹಗೆಗೆ ಹಚ್ಚಿದ್ದು. ಬೆಂಕಿ ಹರಡದಂತೆ ಅರಣ್ಯ ಇಲಾಖೆ ಬೇಸಿಗೆಗೆ ಮೊದಲೇ ಸುಟ್ಟು ಮಾಡುವ ಬೆಂಕಿ ರೇಖೆಗಳಿಂದಲೂ ಒಂದಿಷ್ಟು ಹೊಗೆ ಬರುತ್ತದೆ. ಅಷ್ಟನ್ನು ಸಹಿಸಿಕೊಳ್ಳುವುದೇ ಮೇಲು. ಹಗಲು ಗಾಳಿಯ ಜೊತೆ ದೂರ ಹೋಗುವ ಕಾಳ್ಗಿಚ್ಚಿನ ಹೊಗೆ, ರಾತ್ರಿ ಗಾಳಿ ನಿಂತಾಗ ಇಳಿಜಾರಿನ ತಂಪಿನ ಜೊತೆ ಕಾಡಂಚಿನ ಹಳ್ಳಿಗಳಿಗೆ ಇಳಿಯುತ್ತದೆ. ಅಂಥ ದಿನಗಳಲ್ಲಿ ಉಬ್ಬಸ ಇರುವವರು ಕಿಟಕಿ ಮುಚ್ಚಿ ಮಲಗುವುದು ಒಳ್ಳೆಯದು, ಉಳಿದ ದಿನ ತೆರೆದಿಡುವುದು ಎಷ್ಟು ಮುಖ್ಯವೋ ಅಷ್ಟೇ.

ಕ್ವಾರಿ ಧೂಳಿಗೆ ಬೆಲ್ಲ

ಕರಿಕಲ್ಲು, ಬಿಳಿಕಲ್ಲು ಕ್ವಾರಿಗಳು ಮತ್ತು ಕ್ರಷರ್‌ಗಳು ಈ ಜಿಲ್ಲೆಯ ಇನ್ನೊಂದು ಮುಖ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತಾಗ ರಾಜ್ಯವೆಲ್ಲ ಇತ್ತ ನೋಡಿತು. ಧೂಳಿನಿಂದ ಆಗುವ ಸಾವು ಹಾಗೆ ಸುದ್ದಿಯಾಗುವುದಿಲ್ಲ, ಅದು ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ಕಲ್ಲಿನ ಸಿಲಿಕಾ ಕಣ ಶ್ವಾಸಕೋಶದಲ್ಲಿ ಕೂತರೆ ಅಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಇದೇ ಸಿಲಿಕೋಸಿಸ್, ಒಮ್ಮೆ ಬಂದರೆ ಹಿಂದಿರುಗುವುದಿಲ್ಲ, ಕ್ಷಯ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ. ಕೆಲಸ ಮುಗಿದ ಮೇಲೆ ಒಂದು ಅಚ್ಚು ಬೆಲ್ಲ ಅಥವಾ ಎರಡು ಬಾಳೆಹಣ್ಣು ತಿಂದರೆ ಧೂಳು ಇಳಿದುಹೋಗುತ್ತದೆ ಎಂಬ ನಂಬಿಕೆ ಇಂಥ ಕೆಲಸದವರಲ್ಲಿ ಗಟ್ಟಿಯಾಗಿದೆ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಇರುವುದು ಶ್ವಾಸನಾಳದಲ್ಲಿ. ಗಂಟಲಿಗೆ ಹಾಯೆನಿಸುತ್ತದೆ, ಅಷ್ಟೇ. ಮುಖಕ್ಕೆ ಕಟ್ಟಿದ ಟವೆಲ್ ದಪ್ಪ ಧೂಳನ್ನು ತಡೆಯುತ್ತದೆ. ಅಪಾಯಕಾರಿಯಾದ ಸಣ್ಣ ಧೂಳು ಅದರ ಎಳೆಗಳ ನಡುವೆ ಸರಾಗವಾಗಿ ದಾಟುತ್ತದೆ. ಕಲ್ಲು ಕೊರೆಯುವಾಗ ನೀರು ಬಿಡುವುದು ಮತ್ತು ಮುಖಕ್ಕೆ ಸರಿಯಾಗಿ ಕೂರುವ ಎನ್-95 ದರ್ಜೆಯ ಮಾಸ್ಕ್, ಎರಡನ್ನೂ ಒದಗಿಸುವುದು ಮಾಲೀಕರ ಕೆಲಸ, ಕೂಲಿಯವರ ಜೇಬಿನ ಖರ್ಚಲ್ಲ.

ವಾಕಿಂಗ್ ಯಾವಾಗ?

ಬೆಳಗಿನ ಐದಕ್ಕೆ ಎದ್ದು ನಡೆದರೆ ಶುದ್ಧ ಗಾಳಿ ಸಿಗುತ್ತದೆ ಎಂಬ ಮಾತು ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ನಡೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದು ತಪ್ಪು ಹೊತ್ತು. ಬಿಸಿಲು ನೆಲಕ್ಕೆ ಬಿದ್ದು ಒಂದೆರಡು ಗಂಟೆಯಲ್ಲಿ ಮುಚ್ಚಳ ಒಡೆಯುತ್ತದೆ. ಎಂಟೂವರೆ-ಒಂಬತ್ತರ ಮೇಲೆ ಹೊಗೆ ಮೇಲೇರಲು ಶುರುವಾದದ್ದು ಕಣ್ಣಿಗೇ ಕಾಣುತ್ತದೆ. ಸಂಜೆ ಹೊರಡುವುದಾದರೆ ಸೂರ್ಯ ಮುಳುಗುವ ಮೊದಲೇ ಮುಗಿಸುವುದು ಒಳ್ಳೆಯದು, ದೀಪ ಹಚ್ಚುವ ಹೊತ್ತಿಗೆ ಒಲೆಗಳೂ ಹೊತ್ತಿಕೊಳ್ಳುತ್ತವೆ, ಗಾಳಿಯೂ ನಿಲ್ಲುತ್ತದೆ. ಗಟ್ಟಿಮುಟ್ಟಾದವರು ಇದಕ್ಕಾಗಿ ನಡಿಗೆಯನ್ನೇ ಬಿಡಬೇಕಿಲ್ಲ, ನಡೆಯುವುದರ ಲಾಭವೇ ಹೆಚ್ಚು. ಹೃದಯದ ತೊಂದರೆ, ಆಸ್ತಮಾ ಇರುವವರು ಮತ್ತು ಮೈದಾನದಲ್ಲಿ ಓಡುವ ಮಕ್ಕಳಿಗೆ ಮಾತ್ರ ಈ ಎರಡು ಗಂಟೆಯ ವ್ಯತ್ಯಾಸ ದೊಡ್ಡದು. ಶಾಲೆಗಳು ಜನವರಿಯ ಕ್ರೀಡಾ ತಾಲೀಮನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಂಡರೆ ಖರ್ಚೇನೂ ಇಲ್ಲ.

ಬಚ್ಚಲಿಗೆ ಸೋಲಾರ್ ಹೀಟರ್ ಹಾಕಿಸಲು ಎಲ್ಲರಿಗೂ ಕೈಲಾಗುವುದಿಲ್ಲ. ಒಲೆಗೆ ಮಾಡಿನಿಂದ ಮೇಲೆ ಹೋಗುವ ಹೊಗೆಕೊಳವೆ, ಒಣಗಿದ ಸೌದೆ, ಕಡ್ಡಿ ಗೀರುವಾಗ ಪ್ಲಾಸ್ಟಿಕ್ ಕವರ್ ಬಳಸದಿರುವುದು, ಇಷ್ಟರಿಂದಲೇ ಒಲೆಯ ಮುಂದೆ ಕೂತವರ ಪಾಲಿನ ಹೊಗೆ ಎಷ್ಟೋ ಕಡಿಮೆಯಾಗುತ್ತದೆ. ಹಸಿ ಸೌದೆಯ ಹೊಗೆ ಒಣ ಸೌದೆಯದಕ್ಕಿಂತ ಬಹಳ ಕೆಟ್ಟದ್ದು, ಅದನ್ನು ಊದಿ ಊದಿ ಉರಿಸುವವರು ಒಂದೊಂದು ಊದಿಗೂ ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ನೆನೆಯದಂತೆ ಸೌದೆಯನ್ನು ಸೂರಿನಡಿ ಒಟ್ಟುವ ಕೆಲಸ ಚಿತ್ತೆ ಮಳೆ ಹಿಡಿಯುವ ಮೊದಲೇ ಆಗಬೇಕು.